ಸೊಳ್ಳೆ ಪರದೆಗೂ ಎದೆಬಡಿತ ಇತ್ತು: ನಿದ್ದೆ ಅಳೆಯೋ ರೇಡಾರ್ ಡಬ್ಬಿ, ನಾಲ್ಕು ತಿಂಗಳ ಬಳಕೆ

ಕಂಪನಿ ಹೆಸರು ಬರೆಯಲ್ಲ, ಮೊದಲೇ ಹೇಳಿಬಿಡ್ತೀನಿ. ಅಲ್ಲಲ್ಲಿ ಬೈದಿದೀನಿ, ಆಮೇಲೆ ಯಾರೋ ಫೋನ್ ಮಾಡಿ ತಲೆ ತಿನ್ನೋದು ಬೇಡ. ಅಂಗೈ ಅಗಲದ ಬಿಳಿ ಡಬ್ಬಿ. ಹಿಂದೆ ಒಂದು ವೈರು, ಮುಂದೆ ಒಂದು ಹಸಿರು ದೀಪ, ಅಷ್ಟೇ. ಕ್ಯಾಮೆರಾ ಇಲ್ಲ. ಮಂಚದ ಪಕ್ಕ ಇಟ್ಟರೆ ಮಲಗಿದವರ ಉಸಿರು, ಎದೆಬಡಿತ ಎರಡನ್ನೂ ಮೈ ಮುಟ್ಟದೆ ಎಣಿಸುತ್ತೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಬೆಲೆ ಹನ್ನೊಂದು ಸಾವಿರದ ಚಿಲ್ಲರೆ, ಮೇಲೆ ವರ್ಷ ವರ್ಷ ಚಂದಾ. ಮೆಲ್ಬರ್ನಲ್ಲಿರೋ ಮಗ ಯುಗಾದಿ ಹಿಂದಿನ ವಾರ ತರಿಸಿಕೊಟ್ಟ. ಈಗ ಆಷಾಢ.

ತರಿಸಿದ್ದು ಯಾಕೆ ಅಂದ್ರೆ ನಮ್ಮನೆಯವರ ಗೊರಕೆಗೆ. ಇವರು ಕೆಎಸ್‌ಆರ್‌ಟಿಸಿ ಡ್ರೈವರಾಗಿದ್ದು ರಿಟೈರ್ ಆದವರು. ಬಸ್ಸು ಬಿಟ್ಟು ಆರು ವರ್ಷ ಆಯ್ತು, ಆದರೆ ರಾತ್ರಿ ಹನ್ನೊಂದಾದರೆ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡ್ತಾರೆ. ಸದ್ದು ಏರ್ತಾ ಏರ್ತಾ ಹೋಗಿ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತೆ. ಮನೆಯೆಲ್ಲ ನಿಶ್ಶಬ್ದ. ನಾನು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಎಣಿಸ್ತಾ ಇರ್ತೀನಿ. ಹದಿನೆಂಟಕ್ಕೋ ಇಪ್ಪತ್ತಕ್ಕೋ ಗಕ್ಕಂತ ಒಂದು ಸದ್ದು ಬಂದು ಮತ್ತೆ ಬಸ್ಸು ಹೊರಡುತ್ತೆ. ಬೆಳಿಗ್ಗೆ ಹೇಳಿದರೆ, "ನಾನೆಲ್ಲಿ ಗೊರಕೆ ಹೊಡೀತೀನಿ, ನೀನೇ ನಿದ್ದೆಗೆಟ್ಟು ಏನೇನೋ ಕೇಳಿಸ್ಕೋತೀಯ" ಅಂತಾರೆ. ಹತ್ತು ಗಂಟೆಗೆ ಪೇಪರ್ ಹಿಡಿದವರು ಹತ್ತೂಕಾಲಿಗೆ ಗದ್ದ ಎದೆಗೆ ಊರಿ ನಿದ್ದೆ. ನಾದಿನಿ ಮಗನ ಮದುವೆಯಲ್ಲಿ ಮುಂದಿನ ಸಾಲಲ್ಲಿ ಕೂತು, ಗಟ್ಟಿಮೇಳ ಬಾರಿಸೋವಾಗ ಮಲಗಿದ್ದರು. ಗಟ್ಟಿಮೇಳ!

ಅದಕ್ಕೂ ಮೊದಲು ಮಗ ಕೈಗೆ ಕಟ್ಟೋ ಬ್ಯಾಂಡು ಕೊಡಿಸಿದ್ದ. ಮೂರು ದಿನಕ್ಕೆ ಕೈ ಕಡಿತ ಅಂತ ಬಿಚ್ಚಿಟ್ಟರು, ನಾಲ್ಕನೇ ದಿನ ಚಾರ್ಜರ್ ಕಳೆದರು. ಮೈಗೆ ಅಂಟಿಸದೆ ಇರೋದು ಬೇಕು ಅಂತ ಹುಡುಕಿದಾಗ ಇದು ಸಿಕ್ಕಿದ್ದು.

ಈ ಡಬ್ಬಿ ಬಗ್ಗೆ ತೀರ್ಪು ಕೊಡೋಕೆ ನನಗೇನು ಅರ್ಹತೆ ಅಂತ ಕೇಳಬಹುದು. ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕಣ್ಣಿಗೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತು ವರ್ಷಕ್ಕೂ ಮೇಲೆ ಕೂತವಳು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಆಯ್ತು, ನಮ್ಮ ಕಾರ್ಖಾನೆ ಜಾಗ ಆಮೇಲೆ ಇಸ್ರೋಗೆ ಹೋಯ್ತು. ಬಹಳ ವರ್ಷ ನನ್ನದು ಚೆಕಿಂಗ್ ಕೆಲಸ. ಕೀ ಕೊಡೋ ವಾಚು ಸೆಕೆಂಡಿಗೆ 5 ಸಲ ಬಡಿಯುತ್ತೆ, ಗಂಟೆಗೆ 18,000. ವೈಬ್ರೋಗ್ರಾಫ್ ಅಂತ ಒಂದು ಯಂತ್ರ ಇರ್ತಿತ್ತು. ವಾಚನ್ನ ಅದರ ಸ್ಟ್ಯಾಂಡಿಗೆ ಕೊಟ್ಟರೆ ಟಿಕ್ ಟಿಕ್ ಕೇಳಿಸ್ಕೊಂಡು ಕಾಗದದ ಪಟ್ಟಿ ಮೇಲೆ ಚುಕ್ಕೆ ಹೊಡೀತಾ ಹೋಗೋದು. ಚುಕ್ಕೆಗಳು ನೇರ ಸಾಲಾಗಿ ಬಂದರೆ ವಾಚು ಸರಿ. ಒಂದು ಕಡೆ ಓರೆಯಾದರೆ ಫಾಸ್ಟು, ಇನ್ನೊಂದು ಕಡೆ ಓರೆಯಾದರೆ ಸ್ಲೋ. ಚೆಲ್ಲಾಪಿಲ್ಲಿ ಆದರೆ ಬಿಚ್ಚಿ ನೋಡಬೇಕು. ವಾಚನ್ನ ಬಿಚ್ಚದೆ ಅದರ ಎದೆಬಡಿತ ಕೇಳೋದು ನಮಗೆ ಹೊಸದೇನಲ್ಲ.

ಇನ್ನೊಂದು ನಾವು ಕಲಿತದ್ದು ಪೊಸಿಷನ್ ಟೆಸ್ಟ್. ಡಯಲ್ ಮೇಲಾಗಿ ಮಲಗಿಸಿದಾಗ ಸರಿಯಾಗಿ ಓಡೋ ವಾಚು ಕೀ ಕೆಳಗಾಗಿ ನಿಲ್ಲಿಸಿದರೆ ತಪ್ಪು ತೋರಿಸಬಹುದು. ಅದಕ್ಕೇ ಒಂದೇ ಭಂಗಿಯಲ್ಲಿ ನೋಡಿ ಪಾಸ್ ಮಾಡ್ತಿರಲಿಲ್ಲ. ಡಬ್ಬಿಗೂ ಅದೇ ಪರೀಕ್ಷೆ ಇಟ್ಟೆ.

ಮೊದಲು ಇದು ಕೆಲಸ ಮಾಡೋ ರೀತಿ, ಮಗ ಹೇಳಿಕೊಟ್ಟಷ್ಟು. ಡಬ್ಬಿಯಿಂದ 60 ಗಿಗಾಹರ್ಟ್ಸ್ ರೇಡಿಯೋ ತರಂಗ ಹೊರಡುತ್ತೆ. ಆ ತರಂಗದ ಉದ್ದ 5 ಮಿಲಿಮೀಟರ್. ಇದೇನು ನಿನ್ನೆ ಮೊನ್ನೆಯದಲ್ಲ, ಜಗದೀಶಚಂದ್ರ ಬೋಸರು 1890ರ ದಶಕದಲ್ಲೇ ಕೊಲ್ಕತ್ತದಲ್ಲಿ ಇಷ್ಟು ಸಣ್ಣ ತರಂಗ ಹುಟ್ಟಿಸಿ ಪ್ರಯೋಗ ಮಾಡಿದ್ದರು. ತರಂಗ ಹೊದಿಕೆ, ಬನಿಯನ್ನು ದಾಟಿ ಹೋಗಿ ಎದೆಗೆ ತಾಗಿ ವಾಪಸ್ ಬರುತ್ತೆ. ಉಸಿರೆಳೆದಾಗ ಎದೆ ಕೆಲವೇ ಮಿಲಿಮೀಟರ್ ಮುಂದೆ ಬರುತ್ತಲ್ಲ, ಅಷ್ಟಕ್ಕೇ ವಾಪಸ್ ಬಂದ ತರಂಗದ ಏರಿಳಿತ ಹೊರಟದ್ದರ ಜೊತೆ ಹೊಂದದೆ ಆಚೀಚೆ ಆಗುತ್ತೆ. ಆ ವ್ಯತ್ಯಾಸ ಎಣಿಸಿದರೆ ಉಸಿರಿನ ಲೆಕ್ಕ ಸಿಕ್ಕಿತು. ಎದೆಬಡಿತದ್ದು ಇನ್ನೂ ಸೂಕ್ಷ್ಮ, ಅದಕ್ಕೆ ಎದೆಯ ಚರ್ಮ ಅಲುಗೋದು ಅರ್ಧ ಮಿಲಿಮೀಟರೂ ಇಲ್ಲ.

ಪಕ್ಕದ ಮನೆಯವರು, "ರೇಡಾರ್ ಅಂದ್ರೆ ತಲೆಗೆ ಅಪಾಯ ಅಲ್ವೇನ್ರೀ?" ಅಂದರು. ಇದರ ಶಕ್ತಿ ಮೊಬೈಲ್ ಫೋನಿಗಿಂತಲೂ ಕಡಿಮೆ, ಮೈಗೆ ತಾಗಿದ್ದೂ ಚರ್ಮದ ಮೇಲ್ಪದರದಲ್ಲೇ ನಿಂತುಹೋಗುತ್ತೆ. ಅಂದಮೇಲೆ ಇನ್ನೊಂದೂ ತಿಳಿಯುತ್ತೆ. ಡಬ್ಬಿ ಹೃದಯವನ್ನೂ ನೋಡಲ್ಲ, ಶ್ವಾಸಕೋಶವನ್ನೂ ನೋಡಲ್ಲ. ಅದು ನೋಡೋದು ಎದೆಯ ಚರ್ಮ ಅಲುಗಾಡೋದನ್ನ. ಈ ಮಾತು ನೆನಪಿಟ್ಟುಕೊಳ್ಳಿ, ನನಗೆ ಪೂರ್ತಿ ಅರ್ಥ ಆಗೋಕೆ ಮೂರು ತಿಂಗಳು ಹಿಡೀತು.

ಇಡೋ ಜಾಗದಲ್ಲೇ ಮೊದಲ ಎಡವಟ್ಟು. ನಾನು ಕಬ್ಬಿಣದ ಬೀರು ಪಕ್ಕದ ಸ್ಟೂಲ್ ಮೇಲಿಟ್ಟೆ, ಪ್ಲಗ್ ಇದ್ದದ್ದು ಅಲ್ಲೇ. ಬೀರು ಬಾಗಿಲಿಗೂ ತರಂಗ ಬಡಿದು ವಾಪಸ್ ಬರುತ್ತೆ, ಲೆಕ್ಕ ಕಲಸಿಹೋಗುತ್ತೆ. ಒಂದು ವಾರ ನಂಬರುಗಳು ಕುಣಿದವು. ಆಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ, ಇವರ ತಲೆದಿಂಬಿನ ಪಕ್ಕ ಮರದ ಟೀಪಾಯಿ ಮೇಲೆ, ಎದೆಗೆ ಮುಖ ಮಾಡಿ, ಒಂದು ಮೀಟರಿಗಿಂತ ಒಳಗೆ ಇಟ್ಟ ಮೇಲೆ ತಹಬಂದಿಗೆ ಬಂತು. ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಬೀರು ವಿಷಯ ಒಂದು ಸಾಲೂ ಇಲ್ಲ. ಕಬ್ಬಿಣದ ಬೀರು ಇಲ್ಲದ ಮಲಗೋ ಕೋಣೆ ನಮ್ಮ ಬೀದಿಯಲ್ಲಿ ಯಾವುದಿದೆ ಹೇಳಿ.

ಆಮೇಲೆ ಪರೀಕ್ಷೆ. ನನ್ನ ಜನತಾ ವಾಚು ಇನ್ನೂ ಓಡ್ತಿದೆ. ಇವರು ನಿದ್ದೆ ಹೋದಮೇಲೆ ಮೊಬೈಲಿನ ಬೆಳಕಲ್ಲಿ ಸೆಕೆಂಡ್ ಮುಳ್ಳು ನೋಡ್ಕೊಂಡು ಪೂರ್ತಿ ಒಂದು ನಿಮಿಷ ಇವರ ಉಸಿರು ಎಣಿಸಿದೆ. ಹದಿನೈದು. ಆ್ಯಪ್ ನೋಡಿದೆ, 15. ಇನ್ನೊಂದು ದಿನ ನನ್ನದು ಹದಿನಾರು, ಅದರದ್ದು 15. ಹನ್ನೊಂದು ರಾತ್ರಿ ಎಣಿಸಿದೆ, ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬರಲೇ ಇಲ್ಲ. ಚೆಕಿಂಗ್ ಟೇಬಲಿಗೆ ಬಂದಿದ್ದರೆ ಸಂತೋಷವಾಗಿ ಪಾಸ್ ಮಾಡ್ತಿದ್ದೆ. ಆದರೆ ಇದೆಲ್ಲ ಅಂಗಾತ ಮಲಗಿದಾಗಿನ ಮಾತು. ಮಗ್ಗುಲಾದರೆ ಉಸಿರು ಹೇಗೋ ಸಿಗುತ್ತೆ, ಎದೆಬಡಿತದ ಜಾಗದಲ್ಲಿ ಎರಡು ಗೀಟು. ಬೋರಲು ಮಲಗಿದರೆ ಉಸಿರೂ ಬಿಟ್ಟು ಬಿಟ್ಟು. ಒಂದು ರಾತ್ರಿ ಹಾಗೇ ಬೋರಲು ಬಿದ್ದುಕೊಂಡಿದ್ದಾಗ "ಉಸಿರಾಟ ಕಾಣಿಸುತ್ತಿಲ್ಲ" ಅಂತ ಮಗನ ಫೋನಿಗೆ ಅಲರ್ಟ್ ಹೋಗಿದೆ. ಅವನಿಗೆ ಅಲ್ಲಿ ಬೆಳಗಾಗಿತ್ತು, ನಮಗೆ ರಾತ್ರಿ ಎರಡೂ ಮುಕ್ಕಾಲು. "ಅಮ್ಮಾ, ಅಪ್ಪನ್ನ ಅಲುಗಾಡಿಸು, ಅಲುಗಾಡಿಸು" ಅಂತ ಕಿರುಚಿದ. ನಾನು ಅಲುಗಾಡಿಸಿದೆ. ಎದ್ದು ಕೂತವರು ಬೈದದ್ದನ್ನ ಇಲ್ಲಿ ಬರೆಯೋಕಾಗಲ್ಲ.

ಒಂದೇ ಮಂಚದಲ್ಲಿ ಇಬ್ಬರು ಮಲಗೋರು ಇನ್ನೊಂದು ಗಮನಿಸಿ. ಡಬ್ಬಿ ಹತ್ತಿರ ಇರೋರನ್ನ ಹಿಡಿಯುತ್ತೆ. ಇವರು ಗೋಡೆ ಕಡೆ ಜರುಗಿ ನಾನು ಈಚೆ ಬಂದ ದಿನ, ಮಂಡಿನೋವಿಗೆ ಎರಡು ಗಂಟೆವರೆಗೂ ಹೊರಳಾಡಿದ್ದು ನಾನು, "ಎಚ್ಚರವಿದ್ದರು" ಅಂತ ಬರೆಸಿಕೊಂಡವರು ಅವರು. ಗಾಢ ನಿದ್ದೆ, ಕನಸಿನ ನಿದ್ದೆ ಅಂತ ಬಣ್ಣಬಣ್ಣದ ಪಟ್ಟಿ ತೋರಿಸುತ್ತಲ್ಲ, ಅದನ್ನಂತೂ ನಾನು ನಂಬೋದು ಬಿಟ್ಟಿದೀನಿ. ಬೆಳಗಿನ ಜಾವ ಇವರು ಕಣ್ಣುಮುಚ್ಚಿ ಅಲುಗಾಡದೆ ಮಲಗಿ ಮನಸ್ಸಲ್ಲೇ ಸಹಸ್ರನಾಮ ಹೇಳ್ಕೋತಾರೆ. ಅದು ಆ್ಯಪಲ್ಲಿ ಗಾಢ ನಿದ್ದೆ.

ಈಗ ಸೊಳ್ಳೆ ಪರದೆ ಕಥೆ.

ಏಪ್ರಿಲಲ್ಲಿ ನಾನು ತಂಗಿ ಮನೆ ಗೃಹಪ್ರವೇಶಕ್ಕೆ ಗುಬ್ಬಿಗೆ ಹೋಗಿ ಅಲ್ಲೇ ಉಳಿದೆ. ಮಾರನೇ ದಿನ ಬಂದು ಆ್ಯಪ್ ತೆಗೆದರೆ ನಿದ್ದೆ ಅಂಕ 88. ಅಲ್ಲಿವರೆಗೂ ಇವರಿಗೆ 65 ದಾಟಿರಲಿಲ್ಲ. ಉಸಿರು ನಿಮಿಷಕ್ಕೆ 14, ಎದೆಬಡಿತ 56, ರಾತ್ರಿಯೆಲ್ಲ ಒಂದೇ ಸಮ, ನೂಲು ಹಿಡಿದು ಎಳೆದ ಹಾಗೆ. ನಾನಿಲ್ಲದಿದ್ದರೆ ಇಷ್ಟು ಚೆನ್ನಾಗಿ ನಿದ್ದೆ ಬರುತ್ತಾ ಅಂತ ಸಣ್ಣದಾಗಿ ಹೊಟ್ಟೆ ಉರಿದಿದ್ದೂ ನಿಜ. ಕೇಳಿದರೆ, "ಸೆಕೆ ಕಣೆ, ನಾನು ತಾರಸಿ ಮೇಲೆ ಚಾಪೆ ಹಾಕ್ಕೊಂಡು ಮಲಗಿದ್ದೆ" ಅಂದರು.

ಹಾಗಾದರೆ 88 ಅಂಕ ತಗೊಂಡು ಮಲಗಿದ್ದು ಯಾರು?

ಅವತ್ತು ರಾತ್ರಿ ಇವರನ್ನ ಮತ್ತೆ ತಾರಸಿಗೆ ಕಳಿಸಿ ನಾನು ಬಾಗಿಲ ಹತ್ತಿರ ಕುರ್ಚಿ ಹಾಕ್ಕೊಂಡು ಕೂತೆ. ಖಾಲಿ ಮಂಚ, ಇಳಿಬಿಟ್ಟ ಸೊಳ್ಳೆ ಪರದೆ, ಎರಡನೇ ನಂಬರಲ್ಲಿ ಫ್ಯಾನು. ಪರದೆಯ ಮಗ್ಗುಲು ಉಬ್ಬಿ ಒಳಗೆ ಬಂದು, ಹೊರಗೆ ಹೋಗಿ, ಮತ್ತೆ ಉಬ್ಬಿ. ವಾಚು ಹಿಡಿದೆ. ನಿಮಿಷಕ್ಕೆ ಹದಿನಾಲ್ಕು ಸಲ. ಆ್ಯಪ್ ನೋಡಿದೆ, ಉಸಿರು 14. ಎದ್ದು ಹೋಗಿ ಪರದೆಯನ್ನ ಹಾಸಿಗೆ ಕೆಳಗೆ ಬಿಗಿಯಾಗಿ ಸಿಕ್ಕಿಸಿದೆ, 14 ಹೋಗಿ ಗೀಟು ಬಂತು. ಬಿಚ್ಚಿದೆ, ಒಂದು ನಿಮಿಷಕ್ಕೆ ಮತ್ತೆ 14. ಫ್ಯಾನ್ ಆರಿಸಿದೆ, ಪರದೆ ತೀರಿಕೊಂಡಿತು. ಹಾಕಿದೆ, ಜೀವ ಬಂತು. ಇವರು ಮೇಲಿಂದ, "ಏನು ಮಾಡ್ತಿದೀಯೇ ಅಲ್ಲಿ?" ಅಂತ ಕೂಗಿದರು.

ಸರಿ, ಪರದೆಗೆ ಉಸಿರು ಬಂದದ್ದು ತಿಳೀತು. ಎದೆಬಡಿತ 56 ಎಲ್ಲಿಂದ ಬಂತು? ರಾತ್ರಿ ಅದನ್ನೇ ಯೋಚಿಸ್ತಾ ಮಲಗಿದೆ. ಹದಿನಾಲ್ಕು ನಾಲ್ಕಲಿ ಐವತ್ತಾರು! ಎದ್ದು ಹಳೆಯ ದಿನಗಳ ಲೆಕ್ಕ ತೆಗೆದೆ. ಉಸಿರು 15 ಇದ್ದ ಎಷ್ಟೋ ರಾತ್ರಿ ಎದೆಬಡಿತ 60. ಉಸಿರು 16 ಇದ್ದಾಗ 64. ಮಾರನೇ ರಾತ್ರಿ ಇವರ ಮಣಿಕಟ್ಟು ಹಿಡಿದು ಪೂರ್ತಿ ನಿಮಿಷ ನಾಡಿ ಎಣಿಸಿದರೆ 74, ಡಬ್ಬಿ ಹೇಳಿದ್ದು 60. ಮಗನಿಗೆ ಹೇಳಿದಾಗ ಅವನು ಗಾಬರಿ ಆಗಲಿಲ್ಲ, ಇದಕ್ಕೆ ಹೆಸರೇ ಇದೆಯಂತೆ, ಹಾರ್ಮೋನಿಕ್ಸ್. ತಂಬೂರಿಯ ಒಂದೇ ತಂತಿ ಮೀಟಿದರೂ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿನ ಸ್ವರಗಳೂ ಏಳುತ್ತಲ್ಲ, ಹಾಗೆ. ಉಸಿರಿನ ಅಲುಗಾಟ ದೊಡ್ಡದು, ಎದೆಬಡಿತದ್ದು ಚಿಕ್ಕದು. ದೊಡ್ಡದರ ನಾಲ್ಕರಷ್ಟಿನ ನೆರಳು ಸರಿಯಾಗಿ ಎದೆಬಡಿತ ಇರಬೇಕಾದ ಜಾಗಕ್ಕೇ ಬಂದು ಕೂರುತ್ತೆ, ಡಬ್ಬಿ ಅದನ್ನೇ ಎದೆಬಡಿತ ಅಂತ ಬರ್ಕೊಳ್ಳುತ್ತೆ. ಎಲ್ಲ ರಾತ್ರಿಯೂ ಹೀಗಲ್ಲ, ಅಂಗಾತ ಮಲಗಿ ಸಣ್ಣ ಉಸಿರಿದ್ದಾಗ ನನ್ನ ಎಣಿಕೆಗೆ ಎರಡು ಮೂರರ ವ್ಯತ್ಯಾಸದಲ್ಲಿ ಸರಿಯಾಗೇ ಹೇಳಿದ್ದೂ ಇದೆ. ಆದರೆ ಯಾವತ್ತು ನಿಜ, ಯಾವತ್ತು ನೆರಳು ಅಂತ ಆ್ಯಪ್ ಹೇಳಲ್ಲ. ಇದು ನನ್ನ ದೊಡ್ಡ ದೂರು. ಗೊತ್ತಾಗದಿದ್ದರೆ ಗೀಟು ಹಾಕಲಿ, ಗೀಟಿಗೆ ನಾನು ಬೇಜಾರು ಮಾಡ್ಕೊಳ್ಳಲ್ಲ.

ಮಗ ಡಬ್ಬಿ ಪರವಾಗಿ ವಾದ ಮಾಡಿದ. 2015ರ ನೇಪಾಳದ ಭೂಕಂಪದಲ್ಲಿ ನಾಸಾದವರ ಫೈಂಡರ್ ಅನ್ನೋ ರೇಡಾರು ಚೌತಾರಾ ಊರಲ್ಲಿ ಅವಶೇಷದಡಿ ಸಿಕ್ಕಿಕೊಂಡಿದ್ದ ನಾಲ್ವರನ್ನ ಎದೆಬಡಿತದಿಂದಲೇ ಪತ್ತೆ ಮಾಡಿತ್ತಲ್ಲಮ್ಮಾ ಅಂದ. ಇಟ್ಟಿಗೆ ರಾಶಿಯಡಿ ಫ್ಯಾನು ಓಡ್ತಿರಲಿಲ್ಲ ಕಣೋ ಅಂದೆ.

ಇಷ್ಟೆಲ್ಲ ಆದಮೇಲೂ ಡಬ್ಬಿಯಿಂದ ಒಂದು ಉಪಕಾರ ಆಯ್ತು. ನಾನು ವರ್ಷಗಟ್ಟಲೆ ಹೇಳಿದ್ದನ್ನ ನಂಬದವರು, ಫೋನಲ್ಲಿ ಗೆರೆ ಏರಿ ಇಳಿದು ಹದಿನೈದು ಸೆಕೆಂಡು ಚಪ್ಪಟೆ ಮಲಗಿದ್ದನ್ನ ಕಣ್ಣಾರೆ ನೋಡಿ ಸುಮ್ಮನಾದರು. "ಗಂಟೆಗೆ 9 ಸಲ ಅಡಚಣೆ" ಅಂತ ಬರೆದಿತ್ತು. ಮರುದಿನ ತಾವಾಗೇ ಡಾಕ್ಟರ ಹತ್ತಿರ ಹೊರಟರು. ಹೆಂಡತಿ ಮಾತಿಗಿಂತ ಗೀಟಿಗೆ ಬೆಲೆ ಜಾಸ್ತಿ, ಇರಲಿ.

ಡಾಕ್ಟರು ಆ್ಯಪ್ ನೋಡಿದರು, ನಗಲಿಲ್ಲ, ಅದೇ ದೊಡ್ಡದು. "ರಕ್ತದಲ್ಲಿ ಆಕ್ಸಿಜನ್ ಎಷ್ಟಕ್ಕೆ ಇಳೀತು ಅಂತ ಇದು ಹೇಳುತ್ತಾ ಅಮ್ಮ?" ಅಂದರು. ಹೇಳಲ್ಲ. ರೇಡಾರಿಗೆ ಅದು ಗೊತ್ತಾಗೋಕೆ ದಾರಿಯೇ ಇಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ನಿದ್ದೆ ಪರೀಕ್ಷೆ ಮಾಡಿದರು. ತಲೆಗೆ ವೈರು, ಎದೆಗೊಂದು ಹೊಟ್ಟೆಗೊಂದು ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿನಡಿ ಗಾಳಿ ಅಳೆಯೋ ಕೊಳವೆ. ಬೆಳಿಗ್ಗೆ ಕೂದಲಲ್ಲಿ ಅಂಟು ಮೆತ್ತಿಕೊಂಡೇ ಕ್ಯಾತ್ಸಂದ್ರಕ್ಕೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದು ಮನೆಗೆ ಬಂದರು.

ರಿಪೋರ್ಟಲ್ಲಿ ಗಂಟೆಗೆ 27. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತದ್ದು, ತೀರಾ ಕಮ್ಮಿಯಾದದ್ದು ಎರಡನ್ನೂ ಸೇರಿಸಿ ಎಣಿಸ್ತಾರೆ. ಐದರೊಳಗಿದ್ದರೆ ಸರಿ, 15ರಿಂದ 30ರ ನಡುವೆ ಮಧ್ಯಮ, 30 ದಾಟಿದರೆ ತೀವ್ರ. ನಾನು ಚೀಟಿ ಹಿಡ್ಕೊಂಡು ಕೇಳಿದೆ, "ಡಬ್ಬಿ 9 ಅಂದಿತ್ತು, ನೀವು 27 ಅಂತೀರಿ, ಮಿಕ್ಕ 18 ಎಲ್ಲಿ ಹೋಯ್ತು ಸಾರ್?" ಡಾಕ್ಟರು ಹೇಳಿದ್ದು ಇಷ್ಟು: ಇವರ ತೊಂದರೆ ಗಂಟಲಲ್ಲಿ. ನಿದ್ದೆಯಲ್ಲಿ ಗಂಟಲ ದಾರಿ ಕುಸಿದು ಮುಚ್ಚಿಕೊಳ್ಳುತ್ತೆ, ಗಾಳಿ ಒಳಗೆ ಹೋಗಲ್ಲ. ಆದರೆ ಎದೆ, ಹೊಟ್ಟೆ ಪ್ರಯತ್ನ ಬಿಡಲ್ಲ, ಉಸಿರೆಳೆಯೋ ಹಾಗೇ ಏರಿಳಿಯುತ್ತಾ ಇರುತ್ತೆ. ಹೊರಗಿಂದ ಎದೆ ಮಾತ್ರ ನೋಡೋರಿಗೆ ಉಸಿರಾಡ್ತಿದಾರೆ ಅಂತಲೇ ಕಾಣುತ್ತೆ. ಅದಕ್ಕೇ ಮೂಗಿನಡಿ ಕೊಳವೆ ಬೇಕು.

ನನಗಿಂತ ಮೊದಲು ಇವರಿಗೆ ಅರ್ಥ ಆಯ್ತು. "ಎಂಜಿನ್ ಓಡ್ತಿದೆ, ಗಾಡಿ ಮುಂದೆ ಹೋಗ್ತಿಲ್ಲ. ಕ್ಲಚ್ ಸ್ಲಿಪ್ಪು" ಅಂದರು.

ಸೊಳ್ಳೆ ಪರದೆಯೂ ಅದೇ ಕೇಸು ಅಂತ ನನಗೆ ಹೊಳೆದದ್ದು ಆಸ್ಪತ್ರೆ ಮೆಟ್ಟಿಲು ಇಳಿಯೋವಾಗ. ಅಲ್ಲೂ ಅಲುಗಾಟ ಇತ್ತು, ಉಸಿರಿರಲಿಲ್ಲ. ಡಬ್ಬಿ ಎರಡೂ ಕಡೆ ಒಂದೇ ತಪ್ಪು ಮಾಡಿದೆ. ಅದರ ಪೆಟ್ಟಿಗೆ ಮೇಲೆ "ಉಸಿರು ಎಣಿಸುತ್ತದೆ" ಅನ್ನೋದರ ಬದಲು "ಅಲುಗಾಟ ಎಣಿಸುತ್ತದೆ" ಅಂತ ಅಚ್ಚು ಹಾಕಿದ್ದರೆ ನಾನು ಬೈತಾನೇ ಇರಲಿಲ್ಲ.

ಈಗ ಇವರಿಗೆ ಸಿಪ್ಯಾಪ್ ಯಂತ್ರ ಬಂದಿದೆ. ಮೂಗಿಗೆ ಮುಖವಾಡ ಹಾಕಿ ಒತ್ತಡದಲ್ಲಿ ಗಾಳಿ ಊದಿ ಗಂಟಲ ದಾರಿ ತೆರೆದಿಡುತ್ತೆ. ಮೊದಲ ವಾರ ಮುಖವಾಡ ಕಿತ್ತು ಬಿಸಾಕಿದ್ದರು, ಈಗ ಒಗ್ಗಿದೆ. ಮಗ್ಗುಲಾಗಿ ಮಲಗಿ ಅಂತಲೂ ಹೇಳಿದಾರೆ, ಅಂಗಾತ ಮಲಗಿದಾಗಲೇ ಇವರಿಗೆ ಉಸಿರು ಹೆಚ್ಚು ಕಟ್ಟೋದಂತೆ. ಪೊಸಿಷನ್ ಟೆಸ್ಟ್ ನೋಡಿ. ಡಬ್ಬಿ ಚೆನ್ನಾಗಿ ಓದೋದು ಇವರು ಅಂಗಾತ ಇದ್ದಾಗ, ಇವರು ಚೆನ್ನಾಗಿರೋದು ಮಗ್ಗುಲಾದಾಗ.

ಯಾರಿಗೆ ಬೇಕು ಇದು? ಒಬ್ಬರೇ ಮಲಗೋ ವಯಸ್ಸಾದವರು, ಮೈಗೆ ಏನೂ ಕಟ್ಟಿಸ್ಕೊಳ್ಳದೋರು, ಕ್ಯಾಮೆರಾ ಅಂದ್ರೆ ಮುಖ ತಿರುಗಿಸೋರು, ಅಂಥವರ ಮನೇಲಿ ಇರಬಹುದು. ರಾತ್ರಿ ಎಷ್ಟು ಸಲ ಎದ್ದರು, ಉಸಿರು ದಿನದಿಂದ ದಿನಕ್ಕೆ ಏರ್ತಿದೆಯಾ ಅಂತ ವಾರಗಟ್ಟಲೆ ಸೇರಿಸಿ ನೋಡೋಕೆ ಪರವಾಗಿಲ್ಲ. ಗೊರಕೆಗೆ, ಹಗಲು ತೂಕಡಿಕೆಗೆ ಇದನ್ನ ಕೊಂಡು 9 ನೋಡಿ ಸಮಾಧಾನ ಪಟ್ಕೊಳ್ಳೋದಾದರೆ ಬೇಡ, ಆ ದುಡ್ಡು ನಿದ್ದೆ ಪರೀಕ್ಷೆಗೆ ಇಡಿ. ಕರೆಂಟು ಹೋದರೆ ಡಬ್ಬಿಯೂ ಹೋಗುತ್ತೆ, ಬ್ಯಾಟರಿ ಇಲ್ಲ. ಇನ್ನೊಂದು, ಲೆಕ್ಕ ಎಲ್ಲ ಆ್ಯಪಲ್ಲಿ ಮಗನಿಗೂ ಸೊಸೆಗೂ ಕಾಣುತ್ತೆ. "ಅತ್ತೆ, ನಿನ್ನೆ ಮಾವ ನಾಲ್ಕು ಸಲ ಬಾತ್‌ರೂಮಿಗೆ ಹೋದರಾ?" ಅಂತ ಮೆಲ್ಬರ್ನಿಂದ ಕೇಳಿಸ್ಕೊಳ್ಳೋಕೆ ತಯಾರಿರಬೇಕು.

ಐದಕ್ಕೆ ಎರಡೂವರೆ ಕೊಡ್ತೀನಿ. ಉಸಿರಿನ ಎಣಿಕೆಗೆ ಎರಡು, ಇವರನ್ನ ಡಾಕ್ಟರ ಹತ್ತಿರ ಹೊರಡಿಸಿದ್ದಕ್ಕೆ ಅರ್ಧ.

ಚಂದಾ ಮುಂದುವರಿಸೋದು ಬೇಡ, ನಿಲ್ಲಿಸು ಅಂತ ಮಗನಿಗೆ ಹೇಳಿದೆ. ಇವರು ಒಪ್ತಿಲ್ಲ. ಸಿಪ್ಯಾಪ್ ಬಂದಮೇಲೆ ಅಂಕ ಏರ್ತಾ ಹೋಗಿ ಮೊನ್ನೆ 83 ಬಂದಿದೆ. ಈಗ ಕಾಫಿಗೂ ಮೊದಲು ಸ್ಕೋರ್ ನೋಡ್ತಾರೆ. ಸೊಳ್ಳೆ ಪರದೆಯ 88 ಮುರಿಯೋವರೆಗೂ ಡಬ್ಬಿ ಇರಲಿ ಅಂತ ಮಗನಿಗೆ ಬೇರೆಯಾಗಿ ಫೋನ್ ಮಾಡಿದಾರೆ.